ನಾನು ಕೇಳುವ ಪಾಡ್‌ಕಾಸ್ಟ್, ಓದುವ ಬ್ಲಾಗು, ಅವನ್ನು ಕೂಡಿಸಿಡುವ ಬಗೆ

ಪಾಡ್‌ಕಾಸ್ಟ್ ಒಂದನ್ನು ಮೊದಲ ಐದು ನಿಮಿಷ ಕೇಳಿ ತೀರ್ಮಾನ ಮಾಡಬೇಡಿ. ಆ ಐದು ನಿಮಿಷವನ್ನು ಎಲ್ಲರೂ ತಿದ್ದಿ ತೀಡಿ ಇಟ್ಟಿರುತ್ತಾರೆ: ಸಂಗೀತ, ಪರಿಚಯ, ಅತಿಥಿಯ ಬಿರುದುಗಳು. ನೇರವಾಗಿ ಹದಿನೈದನೇ ನಿಮಿಷಕ್ಕೆ ಸರಿಸಿ ಅಲ್ಲಿಂದ ಕೇಳಿ. ನಡೆಸಿಕೊಡುವವರು ಓದಿಕೊಂಡು ಬಂದಿದ್ದಾರೋ ಇಲ್ಲವೋ ಅನ್ನುವುದು ಅಷ್ಟೊತ್ತಿಗೆ ಬಯಲಾಗಿರುತ್ತದೆ. ಓದಿಕೊಂಡು ಬಂದವರ ಪ್ರಶ್ನೆ ಚಿಕ್ಕದಿರುತ್ತದೆ, ಉತ್ತರದೊಳಗಿಂದಲೇ ಮುಂದಿನ ಪ್ರಶ್ನೆ ಹುಟ್ಟುತ್ತದೆ. ಬಾರದವರು ಪ್ರಶ್ನೆಯನ್ನೇ ಭಾಷಣ ಮಾಡಿ, ಕೊನೆಗೆ ‘ಅಲ್ಲವೇ ಸರ್’ ಅನ್ನುತ್ತಾರೆ. ಹೆಸರು, ಇಸವಿ, ಊರು ಇವು ಮಾತಿನಲ್ಲಿ ಬರುತ್ತವೆಯೇ ಎಂದೂ ಗಮನಿಸಿ. ‘ಹಿಂದೊಂದು ಕಾಲದಲ್ಲಿ’, ‘ವಿಜ್ಞಾನಿಗಳ ಪ್ರಕಾರ’ ಅನ್ನುವುದರಲ್ಲೇ ಅರ್ಧ ಗಂಟೆ ಕಳೆದರೆ ಆ ಸಂಚಿಕೆಯನ್ನು ಅಲ್ಲಿಗೇ ಬಿಡುತ್ತೇನೆ.

ಇತಿಹಾಸದ ಕಾರ್ಯಕ್ರಮಗಳಿಗೆ ಬಳ್ಳಾರಿ, ರಾಯಚೂರು, ಕೊಪ್ಪಳದ ನಮ್ಮ ಕಡೆಯವರ ಕೈಯಲ್ಲಿ ಒಂದು ಒಳ್ಳೆಯ ಒರೆಗಲ್ಲಿದೆ. ಅಶೋಕನ ಬಗ್ಗೆ ಸಂಚಿಕೆ ಇದ್ದರೆ ಅದನ್ನು ಮೊದಲು ಹಚ್ಚಿ. ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ 1915ರಲ್ಲಿ ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರ್ ಕಂಡ ಶಾಸನದಲ್ಲಿ ದೇವಾನಾಂಪ್ರಿಯ ಎಂಬ ಬಿರುದಿನ ಜತೆಗೆ ಅಶೋಕ ಎಂಬ ಹೆಸರೂ ಇತ್ತು. ಬೇರೆ ಬೇರೆ ಕಡೆಯ ಶಾಸನಗಳ ಆ ದೇವಾನಾಂಪ್ರಿಯ ಅಶೋಕನೇ ಎಂಬುದಕ್ಕೆ ಅದರಿಂದ ಗಟ್ಟಿ ಆಧಾರ ಸಿಕ್ಕಿತು. ಇಲ್ಲಿಯವರೆಗೆ ಬಹಳ ಮಂದಿ ಸರಿಯಾಗಿ ಹೇಳುತ್ತಾರೆ. ಆಮೇಲೆ ‘ಆ ಹೆಸರು ಇರುವುದು ಇದೊಂದರಲ್ಲೇ’ ಎಂದು ಬಿಡುತ್ತಾರೆ. ಮಧ್ಯಪ್ರದೇಶದ ಗುಜರ್ರಾದಲ್ಲಿ, ಬಳ್ಳಾರಿ ಜಿಲ್ಲೆಯದೇ ಆದ ನಿಟ್ಟೂರು ಮತ್ತು ಉದೇಗೊಳಂ ಶಾಸನಗಳಲ್ಲಿ ಕೂಡ ಅಶೋಕನ ಹೆಸರಿದೆ. ಇಷ್ಟು ಹೇಳುವ ಕಾರ್ಯಕ್ರಮ ಸಿಕ್ಕರೆ ಅದರ ಉಳಿದ ಸಂಚಿಕೆಗಳನ್ನೂ ನಂಬಿ ಇಳಿಸಿಕೊಳ್ಳಬಹುದು. ನಿಮಗೆ ಚೆನ್ನಾಗಿ ಗೊತ್ತಿರುವ ವಿಷಯ ಬೇರೆ ಇದ್ದರೆ, ಭತ್ತವೋ ಹತ್ತಿಯೋ ಗಣಿಯೋ, ಅದನ್ನೇ ಹಿಡಿದು ಪರೀಕ್ಷೆ ಮಾಡಿ.

ಈಗ ನನ್ನ ಪಟ್ಟಿ. ಕನ್ನಡದಲ್ಲಿ ಕೊಳ್ಳೇಗಾಲ ಶರ್ಮ ಅವರ ‘ಜಾಣಸುದ್ದಿ’ಯನ್ನು ಮೊದಲಿಗೆ ಹೇಳುತ್ತೇನೆ. ವಿಜ್ಞಾನದ ಸುದ್ದಿಯನ್ನು ಕಣ್ಣಿಗಾಗಿ ಬರೆದು ಓದುವುದು ಬೇರೆ, ಕಿವಿಗಾಗಿಯೇ ಕಟ್ಟುವುದು ಬೇರೆ, ಇದು ಎರಡನೆಯದು. ವಾಕ್ಯ ಚಿಕ್ಕವು, ಪಾರಿಭಾಷಿಕ ಪದ ಬಂದ ಕೂಡಲೇ ಬಿಡಿಸಿ ಹೇಳುತ್ತಾರೆ. ಹೈಸ್ಕೂಲು ಮಕ್ಕಳಿರುವ ಮನೆಯಲ್ಲಿ ಊಟದ ಹೊತ್ತಿಗೆ ಹಚ್ಚಿಡಬಹುದಾದ ಕಾರ್ಯಕ್ರಮ. ಮಾತುಕತೆಯ ಬಗೆಯಲ್ಲಿ ‘ತಲೆ-ಹರಟೆ’ ನನಗೆ ಇಷ್ಟ. 2018ರಲ್ಲಿ ಶುರುವಾದ ಇದರಲ್ಲಿ ಅರ್ಥಶಾಸ್ತ್ರ, ಸಾರ್ವಜನಿಕ ನೀತಿ, ವಿಜ್ಞಾನಗಳನ್ನು ಬಲ್ಲವರನ್ನು ಕೂರಿಸಿಕೊಂಡು ನಿಧಾನವಾಗಿ ಕೇಳುತ್ತಾರೆ. ಮಾತು ಬೆಂಗಳೂರಿನದು, ಇಂಗ್ಲಿಷ್ ಬೆರಕೆ ಇದೆ. ರಾಯಚೂರು ಕಡೆಯ ಹಿರಿಯರಿಗೆ ಕೇಳಿಸುವುದಾದರೆ ಸಂಚಿಕೆ ಆರಿಸಿ ಕೊಡಬೇಕಾಗುತ್ತದೆ. ಇಂಗ್ಲಿಷಿನಲ್ಲಿ ಬಿಬಿಸಿ ರೇಡಿಯೋ ನಾಲ್ಕರ ‘ಇನ್ ಅವರ್ ಟೈಮ್’ ಬಿಡಬಾರದು. 1998ರಿಂದ ನಡೆದುಬಂದ ಕಾರ್ಯಕ್ರಮ. ಒಂದೇ ವಿಷಯ, ಸಾಮಾನ್ಯವಾಗಿ ಮೂವರು ವಿದ್ವಾಂಸರು, ಮುಕ್ಕಾಲು ಗಂಟೆಯ ಆಸುಪಾಸು. ಹಿನ್ನೆಲೆ ಸಂಗೀತವಿಲ್ಲ, ನಗಿಸುವ ಹಟವಿಲ್ಲ. ಅಮಿತ್ ವರ್ಮಾ ಅವರ ‘ದಿ ಸೀನ್ ಅಂಡ್ ದಿ ಅನ್‌ಸೀನ್’ ಇದಕ್ಕೆ ಪೂರ್ತಿ ವಿರುದ್ಧ: ಒಂದೊಂದು ಸಂಚಿಕೆ ಹಲವು ಗಂಟೆ. ಬಳ್ಳಾರಿಯಿಂದ ಸಿರುಗುಪ್ಪ, ಸಿಂಧನೂರು, ಮಾನ್ವಿ ದಾಟಿ ರಾಯಚೂರಿಗೆ ಹೋಗುವ ಬಸ್ಸಿನಲ್ಲಿ ಕೂತವರಿಗೆ ಅದು ಹೇಳಿ ಮಾಡಿಸಿದ ಅಳತೆ.

ಆಕಾಶವಾಣಿಯನ್ನು ಪಟ್ಟಿಯಿಂದ ಕೈಬಿಡಬೇಡಿ. ‘ನ್ಯೂಸ್ ಆನ್ ಏರ್’ ಆ್ಯಪಿನಲ್ಲಿ ರಾಜ್ಯದ ಕೇಂದ್ರಗಳು ನೇರವಾಗಿ ಸಿಗುತ್ತವೆ. ಧಾರವಾಡ, ಕಲಬುರಗಿ, ಹೊಸಪೇಟೆ, ರಾಯಚೂರು ಕೇಂದ್ರಗಳಲ್ಲಿ ಕೇಳುವ ಕನ್ನಡ ನಮ್ಮ ಕಿವಿಗೆ ಹತ್ತಿರದ್ದು. ಒಂದು ತೊಡಕಿದೆ: ನೇರ ಪ್ರಸಾರವನ್ನು ಆಮೇಲೆ ಕೇಳಲು ಆಗುವುದಿಲ್ಲ. ಆದ್ದರಿಂದ ಬೇಕಾದ ಕಾರ್ಯಕ್ರಮದ ಹೊತ್ತಿಗೆ ಮೊಬೈಲಿನಲ್ಲಿ ವಾರದ ಅಲಾರಂ ಇಟ್ಟುಕೊಳ್ಳುವುದೇ ದಾರಿ. ಎಫ್‌ಎಂ ಚಿಪ್ ಇರುವ ಮೊಬೈಲಿದ್ದರೆ ವೈರಿನ ಇಯರ್‌ಫೋನ್ ಚುಚ್ಚಿ ಡೇಟಾ ಇಲ್ಲದೆಯೂ ಹತ್ತಿರದ ಕೇಂದ್ರ ಕೇಳಬಹುದು. ಆ ವೈರೇ ಆಂಟೆನಾ. ಅದಕ್ಕೇ ಬ್ಲೂಟೂತ್ ಇಯರ್‌ಫೋನ್ ಒಂದನ್ನೇ ನಂಬಿದರೆ ಎಫ್‌ಎಂ ನಡೆಯುವುದಿಲ್ಲ.

ಏನು ಕೇಳುತ್ತೇವೆ ಅನ್ನುವಷ್ಟೇ ಮುಖ್ಯ, ಎಲ್ಲಿ ಕೇಳುತ್ತೇವೆ ಅನ್ನುವುದು. ನಮ್ಮ ಜಿಲ್ಲೆಗಳಲ್ಲಿ ಕೇಳುವ ಜಾಗಗಳೆಲ್ಲ ಗದ್ದಲದವು. ಬಳ್ಳಾರಿಯ ಜೀನ್ಸ್ ಹೊಲಿಯುವ ಘಟಕ, ಗಂಗಾವತಿಯ ರೈಸ್‌ಮಿಲ್ಲು, ರೊಟ್ಟಿ ಬಡಿಯುವ ಅಡುಗೆಮನೆ, ಏಪ್ರಿಲ್ ತಿಂಗಳ ಫ್ಯಾನು. ಮಾತಿನ ಮಟ್ಟ ಏರಿಳಿಯುವ ಸಂಚಿಕೆ ಇಲ್ಲೆಲ್ಲ ಸೋಲುತ್ತದೆ: ನಡೆಸಿಕೊಡುವವರು ಮೈಕಿನೆದುರು, ಅತಿಥಿ ಫೋನಿನಲ್ಲಿ, ಒಬ್ಬರಿಗೆ ದನಿ ಇಳಿಸಬೇಕು, ಇನ್ನೊಬ್ಬರಿಗೆ ಏರಿಸಬೇಕು. ಕಸುಬು ಗೊತ್ತಿರುವವರು ಸಂಚಿಕೆಯ ಸರಾಸರಿ ಗಟ್ಟಿತನವನ್ನು ಸ್ಟೀರಿಯೋದಲ್ಲಿ ಮೈನಸ್ 16 ಎಲ್‌ಯುಎಫ್‌ಎಸ್ (ಕಿವಿಗೆ ಕೇಳುವ ಗಟ್ಟಿತನದ ಅಳತೆ), ಮೋನೋದಲ್ಲಿ ಮೈನಸ್ 19ರ ಸುತ್ತ ತಂದು ನಿಲ್ಲಿಸುತ್ತಾರೆ, ಇಬ್ಬರ ದನಿಯನ್ನೂ ಮೊದಲೇ ಸಮ ಮಾಡುತ್ತಾರೆ. ಮಾಡದಿದ್ದವರ ಸಂಚಿಕೆಗೆ ಆ್ಯಪಿನಲ್ಲೇ ದನಿ ಏರಿಸುವ ವ್ಯವಸ್ಥೆ ಇರುತ್ತದೆ. ಎಲ್ಲಕ್ಕೂ ಒಟ್ಟಿಗೆ ಹಚ್ಚದೆ ಆ ಒಂದು ಕಾರ್ಯಕ್ರಮಕ್ಕೆ ಮಾತ್ರ ಹಚ್ಚಿ. ಎಲ್ಲಕ್ಕೂ ಹಚ್ಚಿದರೆ ಚೆನ್ನಾಗಿರುವವು ಒಡೆದ ದನಿಯಲ್ಲಿ ಕೇಳಿಸತೊಡಗುತ್ತವೆ.

ಇನ್ನೊಂದು ಸಮಸ್ಯೆ ಬಹಳ ಮಂದಿಗೆ ಹೊಳೆಯುವುದೇ ಇಲ್ಲ. ರಸ್ತೆಯ ಸಪ್ಪಳ ಕೇಳಿಸಲಿ ಎಂದು ಒಂದೇ ಕಿವಿಗೆ ಇಯರ್‌ಫೋನ್ ಹಾಕುತ್ತೇವೆ. ಕೆಲವು ಕಾರ್ಯಕ್ರಮಗಳಲ್ಲಿ ಒಬ್ಬರ ದನಿ ಎಡಕ್ಕೆ, ಇನ್ನೊಬ್ಬರದು ಬಲಕ್ಕೆ ಇರುತ್ತದೆ. ಆಗ ಪ್ರಶ್ನೆ ಕೇಳುತ್ತದೆ, ಉತ್ತರ ಎಲ್ಲೋ ದೂರದಿಂದ ಬಂದಂತಾಗುತ್ತದೆ. ಆಂಡ್ರಾಯ್ಡ್‌ನಲ್ಲಿ ಸೆಟ್ಟಿಂಗ್ಸ್, ಅದರೊಳಗೆ ಆ್ಯಕ್ಸೆಸಿಬಿಲಿಟಿ, ಅದರೊಳಗೆ ಆಡಿಯೋ ವಿಭಾಗಕ್ಕೆ ಹೋಗಿ ಮೋನೋ ಆಡಿಯೋ ಆನ್ ಮಾಡಿ. ಎರಡೂ ದನಿ ಎರಡೂ ಕಿವಿಗೆ ಬರುತ್ತವೆ.

ವೇಗದ ವಿಷಯದಲ್ಲಿ ನನ್ನದು ಗಟ್ಟಿ ಅಭಿಪ್ರಾಯ. ಇಂಗ್ಲಿಷ್ ಕಾರ್ಯಕ್ರಮಗಳನ್ನು ಒಂದೂವರೆ ಪಟ್ಟು ಓಡಿಸುವ ರೂಢಿಯನ್ನು ಕನ್ನಡಕ್ಕೆ ತರಬೇಡಿ. ಕನ್ನಡದಲ್ಲಿ ಹ್ರಸ್ವ ದೀರ್ಘ, ಒತ್ತು ಇವುಗಳ ಮೇಲೇ ಅರ್ಥ ನಿಂತಿದೆ. ಕೊಡು ಮತ್ತು ಕೋಡು, ಹಳಿ ಮತ್ತು ಹಳ್ಳಿ ಗದ್ದಲದ ನಡುವೆ ಒಂದೂವರೆ ಪಟ್ಟಿನಲ್ಲಿ ಒಂದೇ ಆಗಿಬಿಡುತ್ತವೆ. ಒಬ್ಬರೇ ನಿಧಾನಕ್ಕೆ ಮಾತಾಡುವ ಸಂಚಿಕೆಗೆ 1.2 ಸಾಕು. ಸಂಭಾಷಣೆಗೆ 1. ಕವಿತೆ, ತತ್ವಪದ, ಕಥೆಯ ಓದು ಇದ್ದರೆ 1ರ ಮೇಲೆ ಹೋಗಲೇಬೇಡಿ. ಮೌನವನ್ನು ಕತ್ತರಿಸುವ ‘ಸ್ಕಿಪ್ ಸೈಲೆನ್ಸ್’ ಕೂಡ ಆಫ್ ಮಾಡಿ. ಓದುವವರು ನಿಲ್ಲಿಸಿದ ಜಾಗವೂ ಓದಿನ ಭಾಗವೇ. ಆ್ಯಪಿಗೆ ಅದು ಖಾಲಿ ಜಾಗ, ಕತ್ತರಿಸಿ ಎಸೆಯುತ್ತದೆ.

ಇವೆಲ್ಲ ಹೊಂದಾಣಿಕೆ ಒಂದೊಂದು ಕಾರ್ಯಕ್ರಮಕ್ಕೂ ಬೇರೆ ಬೇರೆ ಇಡಬೇಕಾದ್ದರಿಂದ ನಾನು ಆಂಟೆನಾಪಾಡ್ ಎಂಬ ಪಾಡ್‌ಕಾಸ್ಟ್ ಕೇಳುವ ಆಂಡ್ರಾಯ್ಡ್ ಆ್ಯಪ್ ಬಳಸುತ್ತೇನೆ, ಅದನ್ನೇ ಎಲ್ಲರಿಗೂ ಹೇಳುತ್ತೇನೆ. ಉಚಿತ, ಜಾಹೀರಾತಿಲ್ಲ, ಖಾತೆ ತೆರೆಯಬೇಕಿಲ್ಲ, ಮೂಲಸಂಕೇತ ಎಲ್ಲರಿಗೂ ತೆರೆದಿದೆ. ಕಾರ್ಯಕ್ರಮದ ಪುಟಕ್ಕೆ ಹೋಗಿ ಸೆಟ್ಟಿಂಗ್ಸ್ ಒತ್ತಿದರೆ ವೇಗ, ದನಿ, ಆರಂಭದಲ್ಲಿ ಎಷ್ಟು ಸೆಕೆಂಡ್ ಹಾರಿಸಬೇಕು, ತಾನಾಗಿ ಇಳಿಸಬೇಕೋ ಬೇಡವೋ, ಕೇಳಿದ ಮೇಲೆ ಅಳಿಸಬೇಕೋ ಎಲ್ಲವೂ ಅಲ್ಲೇ ಸಿಗುತ್ತವೆ. ಪ್ರತಿ ಸಂಚಿಕೆಯಲ್ಲೂ ಮುಕ್ಕಾಲು ನಿಮಿಷ ಒಂದೇ ಸಂಗೀತ ಬರುವ ಕಾರ್ಯಕ್ರಮಕ್ಕೆ 45 ಎಂದು ಹಾಕಿಬಿಡಿ.

ಇದರ ಹಿಂದಿನ ಕೆಲಸ ಸರಳ. ಪ್ರತಿ ಪಾಡ್‌ಕಾಸ್ಟಿಗೂ ಫೀಡ್ ಎಂಬ ಒಂದು ಪಠ್ಯದ ಕಡತ ಇರುತ್ತದೆ. ಸಂಚಿಕೆಯ ಹೆಸರು, ದಿನಾಂಕ, ಧ್ವನಿ ಕಡತ ಇರುವ ವಿಳಾಸ, ಇಷ್ಟೇ ಅದರಲ್ಲಿರುವುದು. ಆ್ಯಪು ಆಗಾಗ ಅದನ್ನು ನೋಡಿ ಹೊಸದು ಬಂದಿದ್ದರೆ ತರುತ್ತದೆ. ನಡುವೆ ಯಾರೂ ನಿಮ್ಮ ಪರವಾಗಿ ಆರಿಸುವುದಿಲ್ಲ. ನೀವು ಚಂದಾ ಹಾಕಿದ್ದು ಬರುತ್ತದೆ, ಹಾಕದ್ದು ಬರುವುದಿಲ್ಲ. ನನಗೆ ಬೇಕಾದದ್ದು ಇದೇ. ಯೂಟ್ಯೂಬು ಒಂದು ಸಂದರ್ಶನ ಮುಗಿಯುವ ಮೊದಲೇ ಮುಂದಿನ ನಾಲ್ಕನ್ನು ಪಕ್ಕದಲ್ಲಿ ಜೋಡಿಸಿಟ್ಟಿರುತ್ತದೆ, ಅವು ನೋಡುಗರನ್ನು ಹಿಡಿದಿಡಲು ಆರಿಸಿದಂಥವು. ಆದರೂ ಕನ್ನಡದ ಎಷ್ಟೋ ಮಾತುಕತೆಗಳು ಯೂಟ್ಯೂಬಿನಲ್ಲಿ ಮಾತ್ರ ಇವೆ, ಅಲ್ಲಿಗೆ ಹೋಗದೆ ಗತಿಯಿಲ್ಲ. ಅಂಥ ಚಾನೆಲ್‌ಗಳನ್ನು ಬ್ಲಾಗು ಓದುವ ಆ್ಯಪಿಗೆ ಸೇರಿಸಿಡಿ. ಪ್ರತಿ ಚಾನೆಲ್ಲಿಗೂ ಫೀಡ್ ಇದೆ, ಅದು ಇತ್ತೀಚಿನ 15 ವಿಡಿಯೋಗಳನ್ನು ತೋರಿಸುತ್ತದೆ. ಹೊಸದು ಬಂದದ್ದು ಅಲ್ಲೇ ಗೊತ್ತಾಗುತ್ತದೆ, ಬೇಕಿದ್ದರೆ ಅದೊಂದನ್ನು ತೆರೆದು ನೋಡಿ ಹೊರಬರಬಹುದು.

ಕನ್ನಡ ಕಾರ್ಯಕ್ರಮ ಹುಡುಕುವಾಗ ಸಿಗಲಿಲ್ಲವೆಂದು ಕೈಬಿಡುವ ಮೊದಲು ಬರಹ ಬದಲಿಸಿ ನೋಡಿ. ಅರ್ಧಾಕ್ಷರದ ನಂತರ ಕಣ್ಣಿಗೆ ಕಾಣದ ಒಂದು ಸಂಕೇತ ಹಾಕಿ ‘ಪಾಡ್‌ಕಾಸ್ಟ್’ ಎಂದು ಬರೆಯುತ್ತೇವೆ. ಹಾಕದಿದ್ದರೆ ಅದು ‘ಪಾಡ್ಕಾಸ್ಟ್’ ಆಗುತ್ತದೆ. ನಮಗೆ ಎರಡೂ ಒಂದೇ, ಹುಡುಕುವ ಯಂತ್ರಕ್ಕೆ ಎರಡು ಬೇರೆ ಪದ. ಕನ್ನಡದಲ್ಲಿ ಸಿಗದಿದ್ದರೆ ಇಂಗ್ಲಿಷ್ ಅಕ್ಷರದಲ್ಲಿ ಹೆಸರು ಹಾಕಿ, ಅದೂ ಆಗದಿದ್ದರೆ ನಡೆಸಿಕೊಡುವವರ ಹೆಸರು ಹಾಕಿ.

ಡೇಟಾ ಲೆಕ್ಕ ಹೀಗೆ. 64 ಕೆಬಿಪಿಎಸ್ (ಸೆಕೆಂಡಿಗೆ 64 ಕಿಲೋಬಿಟ್) ಮೋನೋದಲ್ಲಿ ಒಂದು ಗಂಟೆಯ ಮಾತು ಸುಮಾರು 29 ಎಂಬಿ, 128ರಲ್ಲಿ 58 ಎಂಬಿ. ಬರಿ ಮಾತಿಗೆ 64 ಸಾಕು. ದಿನದ ಲೆಕ್ಕದ ಡೇಟಾ ಪ್ಯಾಕ್ ಇರುವವರಿಗೆ ಉಳಿದದ್ದು ರಾತ್ರಿ ಹನ್ನೆರಡಕ್ಕೆ ಹೋಗುತ್ತದೆ. ಹನ್ನೊಂದರ ಹೊತ್ತಿಗೆ ಮರುದಿನದ ಸಂಚಿಕೆಗಳನ್ನು ಇಳಿಸಿಟ್ಟುಕೊಂಡರೆ ತೋರಣಗಲ್ಲು ದಾಟಿ ಹೊಸಪೇಟೆ, ಕೊಪ್ಪಳದ ಕಡೆ ರೈಲಿನಲ್ಲಿ ಹೋಗುವಾಗ ಸಿಗ್ನಲ್ ಹೋದರೂ ಮಾತು ನಿಲ್ಲುವುದಿಲ್ಲ. ಆಂಟೆನಾಪಾಡ್ ಮೊಬೈಲ್ ಡೇಟಾದಲ್ಲಿ ತಾನಾಗಿ ಇಳಿಸಲು ನಿಮ್ಮ ಒಪ್ಪಿಗೆ ಬೇಕು. ಡೌನ್‌ಲೋಡ್ಸ್ ವಿಭಾಗದಲ್ಲಿ ಅದನ್ನು ಗುರುತು ಮಾಡಿ. ಅಷ್ಟಾದರೂ ಬೆಳಿಗ್ಗೆ ನೋಡಿದರೆ ಏನೂ ಇಳಿದಿಲ್ಲವೆಂದರೆ ಕಾರಣ ಹೆಚ್ಚಾಗಿ ಒಂದೇ: ಬ್ಯಾಟರಿ ಉಳಿಸಲು ಮೊಬೈಲೇ ಆ್ಯಪನ್ನು ಮಲಗಿಸಿರುತ್ತದೆ. ಮೊಬೈಲಿನ ಸೆಟ್ಟಿಂಗ್ಸ್‌ನಲ್ಲಿ ಆ ಆ್ಯಪಿನ ಬ್ಯಾಟರಿ ಬಳಕೆಯನ್ನು ‘ನಿರ್ಬಂಧವಿಲ್ಲ’ ಎಂದು ಇಡಿ.

ಚಂದಾ ಪಟ್ಟಿಯ ಪ್ರತಿ ತೆಗೆದಿಡುವುದನ್ನು ಮರೆಯಬೇಡಿ. ಬ್ಲಾಗು ಓದಲು ಬಳಸುತ್ತಿದ್ದ ಗೂಗಲ್ ರೀಡರ್ 2013ರ ಜುಲೈ 1ರಂದು ನಿಂತಿತು, ಗೂಗಲ್ ಪಾಡ್‌ಕಾಸ್ಟ್ಸ್ 2024ರಲ್ಲಿ ನಿಂತಿತು. ಹೊರತೆಗೆದಿಡದವರು ವರ್ಷಗಟ್ಟಲೆ ಕೂಡಿಸಿದ ಪಟ್ಟಿಯನ್ನೇ ಕಳೆದುಕೊಂಡರು. ಆಂಟೆನಾಪಾಡಿನ ಇಂಪೋರ್ಟ್-ಎಕ್ಸ್‌ಪೋರ್ಟ್ ವಿಭಾಗದಲ್ಲಿ ಓಪಿಎಂಎಲ್ ಎಂಬ ಆಯ್ಕೆ ಒತ್ತಿದರೆ ಕೆಲವೇ ಕೆಬಿಯ ಒಂದು ಕಡತ ಸಿಗುತ್ತದೆ. ಅದನ್ನು ನಿಮಗೆ ನೀವೇ ಇಮೇಲ್ ಮಾಡಿಕೊಳ್ಳಿ. ಗೆಳೆಯರಿಗೆ ಪಟ್ಟಿ ಕೊಡಬೇಕೆಂದರೂ ಆ ಕಡತವೊಂದೇ ಸಾಕು.

ಇನ್ನು ಓದು. ವಿಜ್ಞಾನ, ತಂತ್ರಜ್ಞಾನಕ್ಕೆ ಟಿ. ಜಿ. ಶ್ರೀನಿಧಿ ಅವರ ‘ಇಜ್ಞಾನ’. ಕಥೆ, ಅಂಕಣ, ಕವಿತೆಗೆ ‘ಕೆಂಡಸಂಪಿಗೆ’. ಉದ್ದದ ಪ್ರಬಂಧ, ಅನುವಾದ, ಸಂದರ್ಶನಕ್ಕೆ ‘ಋತುಮಾನ’. ‘ಹೊನಲು’ ನನಗೆ ಬೇರೆ ಕಾರಣಕ್ಕೆ ಇಷ್ಟ: ವಿಮಾನದ ಎಂಜಿನಿನಿಂದ ಹಿಡಿದು ಅಡುಗೆಯವರೆಗೆ ಎಲ್ಲವನ್ನೂ ಕನ್ನಡದ್ದೇ ಪದಗಳಲ್ಲಿ ಹೇಳಲು ಹೊರಟ ಛಲ ಅದರಲ್ಲಿದೆ. ಅಲ್ಲಿನ ಬರಹರೂಪ ಮೊದಲು ಕಣ್ಣಿಗೆ ತೊಡಕಾಗುತ್ತದೆ. ನಾಲ್ಕು ಬರಹ ಓದಿದ ಮೇಲೆ ಸಲೀಸು. ವಚನದ ಸಾಲು ಎಲ್ಲಿಯದು, ಯಾರದು ಎಂದು ನೋಡಲು ‘ವಚನ ಸಂಚಯ’ ಇದೆ, ಪದ ಹಾಕಿದರೆ ಆ ಪದ ಬರುವ ವಚನಗಳನ್ನು ಮುಂದಿಡುತ್ತದೆ. ವಾಟ್ಸಾಪಿನಲ್ಲಿ ಯಾರ ಹೆಸರಿಗೋ ಹಚ್ಚಿ ಓಡಾಡುವ ಸಾಲುಗಳನ್ನು ಅಲ್ಲಿ ಒಮ್ಮೆ ಹುಡುಕಿಯೇ ಮುಂದಕ್ಕೆ ಕಳಿಸಬೇಕು.

ಬ್ಲಾಗುಗಳಿಗೂ ಫೀಡ್ ಇದೆ. ಫೀಡರ್ ಎಂಬ ಆಂಡ್ರಾಯ್ಡ್ ಆ್ಯಪಿಗೆ ಬ್ಲಾಗಿನ ಮುಖಪುಟದ ವಿಳಾಸ ಕೊಟ್ಟರೆ ಸಾಮಾನ್ಯವಾಗಿ ಅದೇ ಫೀಡನ್ನು ಹುಡುಕಿಕೊಳ್ಳುತ್ತದೆ. ಹಳೆಯ ಬ್ಲಾಗು ಸೇರಿಸಿದಾಗ ಬೆರಳೆಣಿಕೆಯ ಬರಹ ಮಾತ್ರ ಕಂಡರೆ ಗಾಬರಿ ಬೇಡ. ವರ್ಡ್‌ಪ್ರೆಸ್ ಬದಲಿಸದ ಹೊರತು 10 ಬರಹ ಕೊಡುತ್ತದೆ, ಬ್ಲಾಗ್‌ಸ್ಪಾಟ್ 25. ಅದಕ್ಕಿಂತ ಹಿಂದಿನದನ್ನು ಬ್ಲಾಗಿಗೇ ಹೋಗಿ ತಿಂಗಳ ಪಟ್ಟಿಯಿಂದ ಓದಬೇಕು. ಎರಡು ಸಾಲು ಬಂದು ನಿಂತರೆ, ಬರೆದವರು ಫೀಡಿಗೆ ಸಾರಾಂಶ ಮಾತ್ರ ಬಿಟ್ಟಿದ್ದಾರೆಂದು ಅರ್ಥ. ಫೀಡರಿನಲ್ಲಿ ಆ ಬ್ಲಾಗಿಗೆ ಪೂರ್ಣ ಬರಹ ತರುವ ಆಯ್ಕೆ ಹಾಕಿ. ಪುಟ ತುಂಬ ಗೀಟು, ಚುಕ್ಕೆ ಹೊತ್ತ ಪರದೇಶದ ಅಕ್ಷರಗಳು ಕಂಡರೆ ಅದು ಯೂನಿಕೋಡ್‌ಗೆ ಮುಂಚಿನ ನುಡಿ ಅಥವಾ ಬರಹ ಫಾಂಟಿನ ಪಠ್ಯ. ಅದನ್ನು ನಕಲು ಮಾಡಿ ಆಸ್ಕಿಯಿಂದ ಯೂನಿಕೋಡ್‌ಗೆ ತಿರುಗಿಸುವ ಪರಿವರ್ತಕದಲ್ಲಿ ಹಾಕಿದರೆ ಕನ್ನಡ ಮರಳುತ್ತದೆ, ಒತ್ತಕ್ಷರ ಮತ್ತು ಅರ್ಕಾವೊತ್ತಿನಲ್ಲಿ ಅಲ್ಲಲ್ಲಿ ತಿದ್ದಬೇಕಾಗಬಹುದು. ಬ್ಲಾಗಿನ ವಿಳಾಸದಲ್ಲಿ ಜೂಜಿನ ಜಾಹೀರಾತು ಬಂದರೆ ಡೊಮೇನ್ ಅವಧಿ ಮುಗಿದು ಬೇರೆಯವರ ಪಾಲಾಗಿದೆ. ಅಲ್ಲಿ ಏನನ್ನೂ ಒತ್ತಬೇಡಿ, ಅದೇ ವಿಳಾಸವನ್ನು ಹಳೆಯ ಜಾಲಪುಟಗಳ ಪ್ರತಿ ಕೂಡಿಸಿಡುವ ವೇಬ್ಯಾಕ್ ಮಷೀನಿನಲ್ಲಿ ಹಾಕಿ ಹಳೆಯ ವರ್ಷ ಆರಿಸಿ.

ಕೊನೆಗೆ, ನನ್ನ ಪಟ್ಟಿಯಲ್ಲಿ ದೊಡ್ಡ ತೂತು ಎಲ್ಲಿದೆ ಎಂದು ಹೇಳಬೇಕು. ಅದು ನಮ್ಮ ಕಡೆಯ ದನಿ. ಸಂಡೂರು ಸೀಮೆಯ ದರೋಜಿ ಈರಮ್ಮ ಬುರ್ರಕಥೆಯ ಮಹಾಕಾವ್ಯಗಳನ್ನೇ ಬಾಯಲ್ಲಿಟ್ಟುಕೊಂಡಿದ್ದವರು, 2014ರಲ್ಲಿ ತೀರಿಕೊಂಡರು. ಕೊಪ್ಪಳದ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರ ತೊಗಲುಗೊಂಬೆ ಆಟಕ್ಕೆ 2025ರಲ್ಲಿ ಪದ್ಮಶ್ರೀ ಬಂತು. ಸಂಗನಕಲ್ಲಿನ ಹತ್ತಿರದ ಕುಪ್ಗಲ್ ಗುಡ್ಡದಲ್ಲಿ ಬಡಿದರೆ ಗಂಟೆಯಂತೆ ನಾದ ಕೊಡುವ ಕಲ್ಲುಗಳಿವೆ. ಇವೆಲ್ಲ ಕೇಳಬೇಕಾದವು, ಓದಿ ತೀರುವಂಥವಲ್ಲ. ನಾನು ಚಂದಾ ಹಾಕಿರುವ ಯಾವ ಫೀಡಿನಲ್ಲೂ ಇವು ಪೂರ್ತಿಯಾಗಿ ಬರುವುದಿಲ್ಲ.

ಈ ತೂತು ಮುಚ್ಚಲು ಆಂಟೆನಾಪಾಡಿನಲ್ಲೇ ಒಂದು ದಾರಿಯಿದೆ. ‘ಲೋಕಲ್ ಫೋಲ್ಡರ್’ ಸೇರಿಸಿದರೆ ಮೊಬೈಲಿನಲ್ಲಿರುವ ಧ್ವನಿ ಕಡತಗಳೇ ಒಂದು ಪಾಡ್‌ಕಾಸ್ಟ್ ಆಗುತ್ತವೆ: ಎಲ್ಲಿ ನಿಲ್ಲಿಸಿದ್ದೆವು ಎಂಬುದು ನೆನಪಿರುತ್ತದೆ, ವೇಗ ಬೇರೆ ಇಡಬಹುದು. ಮಾನ್ವಿಯ ಜಗನ್ನಾಥದಾಸರ ಹರಿಕಥಾಮೃತಸಾರದಲ್ಲಿ 32 ಸಂಧಿಗಳಿವೆ. ಸಂಧಿಗೊಂದರಂತೆ ಧ್ವನಿ ಕಡತಗಳಿದ್ದರೆ ಅದೇ 32 ಸಂಚಿಕೆಯ ಸರಣಿ. ಕಡತದ ಹೆಸರು 01, 02 ಎಂದೇ ಶುರುವಾಗಲಿ. ಬರಿ 1, 2 ಎಂದಿಟ್ಟರೆ ಒಂದರ ನಂತರ ಹತ್ತನೆಯದು ಬಂದು ಕೂರಬಹುದು. ವಾಟ್ಸಾಪಿನಲ್ಲಿ ಬಂದ ಪದಗಳನ್ನು ಅದರ ಫೋಲ್ಡರಿನಲ್ಲೇ ಬಿಡದೆ ಇಲ್ಲಿಗೆ ನಕಲು ಮಾಡಿ, ಇಲ್ಲದಿದ್ದರೆ ಜಾಗ ಖಾಲಿ ಮಾಡುವ ದಿನ ಅವೂ ಹೋಗುತ್ತವೆ.

ಹೊಸದಾಗಿ ದಾಖಲಿಸುವುದಾದರೆ ಮೊಹರಂ ಒಳ್ಳೆಯ ಹೊತ್ತು. ಮುದಗಲ್ಲಿನಲ್ಲೂ ಸುತ್ತಲ ಹಳ್ಳಿಗಳಲ್ಲೂ ಕರ್ಬಲಾದ ಕಥೆ ಹೇಳುವ ಕನ್ನಡದ ರಿವಾಯತ್ ಪದ ಹಾಡುವವರು ಇದ್ದಾರೆ. ಮೊದಲು ಹಾಡುವವರನ್ನು ಕೇಳಿ ಒಪ್ಪಿಗೆ ಪಡೆಯಿರಿ. ಮೊಬೈಲನ್ನು ಏರೋಪ್ಲೇನ್ ಮೋಡಿಗೆ ಹಾಕಿ, ನಡುವೆ ಕರೆ ಬಂದರೆ ದಾಖಲೆ ತುಂಡಾಗುತ್ತದೆ. ದನಿಯನ್ನು ಕುಗ್ಗಿಸದೆ ಇಡುವ ಡಬ್ಲ್ಯುಎವಿ ಕಡತದಲ್ಲಿ, 48 ಕಿಲೋಹರ್ಟ್ಸ್, 16 ಬಿಟ್ ಮೋನೋ ಇಟ್ಟರೆ ಗಂಟೆಗೆ ಸುಮಾರು 346 ಎಂಬಿ ಬೇಕು, ಜಾಗ ಮೊದಲೇ ನೋಡಿಕೊಳ್ಳಿ. ಹಲಗಿ ಬಾರಿಸುವವರಿಂದ ದೂರ, ಹಾಡುವವರಿಂದ ಎರಡು ಮೂರು ಅಡಿ. ಹತ್ತಿರ ಹೋದರೆ ಹಲಗಿಯ ಪೆಟ್ಟಿಗೆ ದನಿ ಒಡೆಯುತ್ತದೆ, ಒಡೆದದ್ದನ್ನು ಆಮೇಲೆ ಪೂರ್ತಿ ಸರಿಮಾಡಲು ಆಗದು. ಮೊಬೈಲನ್ನು ನೆಲದ ಮೇಲೆ ಇಡಬೇಡಿ, ಹೆಜ್ಜೆಯ ಧಿಮಿಧಿಮಿ ಎಲ್ಲವನ್ನೂ ಮುಚ್ಚುತ್ತದೆ. ಕೈಯಲ್ಲಿ ಹಿಡಿಯುವ ಬದಲು ಮಡಚಿದ ಟವೆಲ್ಲಿನ ಮೇಲೆ ಕಟ್ಟೆಯ ಮೇಲಿಡಿ. ಗಾಳಿ ಇದ್ದರೆ ಮೈಕಿನ ತೂತಿನ ಮೇಲೆ ತೆಳು ಹತ್ತಿ ಬಟ್ಟೆ ಒಂದು ಪದರ ಸಾಕು. ಹತ್ತು ಸೆಕೆಂಡ್ ಪರೀಕ್ಷೆ ಮಾಡಿ ಇಯರ್‌ಫೋನಿನಲ್ಲಿ ಕೇಳಿಯೇ ಶುರು ಮಾಡಿ. ಹಾಡುವವರ ಬಾಯಿಂದಲೇ ಮೊದಲು ಹೆಸರು, ಊರು, ಪದ ಯಾರಿಂದ ಕಲಿತದ್ದು ಎಂದು ಹೇಳಿಸಿ. ಕಡತದ ಹೆಸರು ಬದಲಾಗಿ ಹೋದರೂ ಆ ಮಾಹಿತಿ ದನಿಯೊಳಗೇ ಉಳಿಯುತ್ತದೆ. ಅದೇ ದಿನ ಅವರ ಮೊಬೈಲಿಗೂ ಒಂದು ಪ್ರತಿ ಕಳಿಸಿ, ಡಾಕ್ಯುಮೆಂಟ್ ಆಗಿ ಕಳಿಸಿದರೆ ಗುಣಮಟ್ಟ ಇಳಿಯುವುದಿಲ್ಲ. ‘ಇದೊಂದು ಹೊರಗ ಬಿಡಬ್ಯಾಡ್ರಿ’ ಅಂದ ಪದ ಇದ್ದರೆ ಅದನ್ನು ಬೇರೆ ಫೋಲ್ಡರಿನಲ್ಲಿಡಿ, ಯಾರಿಗೂ ಹಂಚಬೇಡಿ.